ಹಳದಿ ಎಲೆ ನೋಡಿ ಎಣ್ಣಿ ಹೊಡೆದ್ವಿ, ರೋಗ ಬೇರಲ್ಲಿತ್ತು

ನಮ್ಮ ಮೆಸ್‌ನಲ್ಲಿ ವಾರಕ್ಕೆ ಎರಡು ಸಲ ಮೊಳಕೆ ಬಂದ ಹೆಸರುಕಾಳು ಇಡ್ತಾರೆ. ಮುಕ್ಕಾಲು ಜನ ಅದನ್ನ ಪ್ಲೇಟಿನ ಮೂಲೆಗೆ ತಳ್ಳಿ ಎದ್ದು ಹೋಗ್ತಾರೆ. ನಾನೂ ಹಾಗೇ ಮಾಡ್ತಿದ್ದೆ. ಹೋದ ವರ್ಷ ಜುಲೈನಲ್ಲಿ ಕಾಕಾನ ಹೊಲದಲ್ಲಿ ಹೆಸರಿನ ಗಿಡಗಳು ನಿಂತಲ್ಲೇ ಒಣಗಿದ್ದನ್ನ ನೋಡಿದ ಮೇಲೆ ತಳ್ಳೋಕೆ ಕೈ ಬರ್ತಿಲ್ಲ.

ನಾನು ಓದಿದ್ದು ಹುಬ್ಬಳ್ಳಿಯಲ್ಲಿ, ಎಲ್ಲಾ ಇಂಗ್ಲಿಷ್ ಮೀಡಿಯಂ. ಊರು ಇರೋದು ಗದಗ ಜಿಲ್ಲೆಯ ರೋಣ ತಾಲೂಕಿನಲ್ಲಿ, ಹೋಗೋದು ರಜೆಗೆ ಮಾತ್ರ. ಅಲ್ಲಿ ಎರೆ ಭೂಮಿ, ಮಳೆ ಬಿಟ್ರೆ ಬೇರೆ ನೀರಿಲ್ಲ. ಜೂನ್‌ನಲ್ಲಿ ಮುಂಗಾರು ಮಳೆ ಬಿದ್ದ ಕೂಡಲೇ ಹೆಸರು ಬಿತ್ತುತ್ತಾರೆ. 65ರಿಂದ 70 ದಿನದ ಬೆಳೆ. ಆಗಸ್ಟ್‌ನಲ್ಲಿ ಕಾಯಿ ಬಿಡಿಸಿ, ಅದೇ ಹೊಲವನ್ನ ಹಿಂಗಾರಿಗೆ ಜೋಳಕ್ಕೋ ಕಡಲೆಗೋ ರೆಡಿ ಮಾಡ್ತಾರೆ. ಅಂದ್ರೆ ವರ್ಷದಲ್ಲಿ ಮೊದಲು ಕೈಗೆ ಬರೋ ದುಡ್ಡು ಹೆಸರಿಂದು. ಹಿಂಗಾರಿ ಬೀಜ, ಗೊಬ್ಬರ, ಅಂಗಡಿಯ ಬಾಕಿ, ಕಾಕಾನ ಮಗಳ ಕಾಲೇಜ್ ಫೀ, ಎಲ್ಲದಕ್ಕೂ ಅದೇ.

ಬಿತ್ತಿ ಒಂದು ತಿಂಗಳಾಗಿತ್ತು. ಮಳೆ ಹದಿನೈದು ದಿನದಿಂದ ಕೈ ಕೊಟ್ಟಿತ್ತು. ಹೊಲದ ಮಧ್ಯೆ ಒಂದು ಕಡೆ ಗಿಡಗಳ ಎಲೆ ಹಳದಿಯಾಗಿ ಜೋತು ಬಿದ್ದಿದ್ವು. ಕಾಕಾ ಗೊಬ್ಬರದ ಅಂಗಡಿಗೆ ಹೋಗಿ "ಎಲಿ ಹಳದಿ ಆಗ್ಯಾವ" ಅಂದ. ಹೆಸರಿನ ಎಲೆ ಹಳದಿ ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ಬಿಳಿ ನೊಣ ಹರಡೋ ಹಳದಿ ನಂಜು ರೋಗ. ಅಂಗಡಿಯವರು ಅದಕ್ಕೇ ಎಣ್ಣಿ ಕೊಟ್ರು. ನಮ್ಮ ಕಡೆ ಕೀಟನಾಶಕಕ್ಕೂ ಶಿಲೀಂಧ್ರನಾಶಕಕ್ಕೂ ಒಂದೇ ಹೆಸರು, ಎಣ್ಣಿ. ಜೊತೆಗೆ ಒಂದು ಬಾಟಲಿ ಟಾನಿಕ್. ಒಂದು ಸಲ ಹೊಡೆದ, ವಾರ ಬಿಟ್ಟು ಇನ್ನೊಂದು ಸಲ ಹೊಡೆದ. ಒಣಗಿದ ಜಾಗ ದೊಡ್ಡದಾಗ್ತಾನೇ ಹೋಯ್ತು.

ನಾನು ಊರಿಗೆ ಹೋದಾಗ ಕಾಕಾ ಕೇಳಿದ: "ನೋಡಪಾ, ನೀ ಇಂಜಿನೀರ್ ಓದಾಕತ್ತಿ. ಇದೇನಾಗೈತಿ ಹೇಳು."

ನನಗೆ ಏನೂ ಗೊತ್ತಿರಲಿಲ್ಲ. ಫೋನಿನಲ್ಲಿ ಫೋಟೋ ತೆಗೆದೆ, ಅಷ್ಟೇ. ಆಮೇಲೆ ಇಬ್ಬರೂ ನಾಲ್ಕೈದು ಗಿಡಗಳನ್ನ ಮಣ್ಣಿನ ಸಮೇತ ಅಗೆದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋದ್ವಿ. ಅಲ್ಲಿದ್ದ ಮೇಡಂ ಎಲೆಯನ್ನ ಸರಿಯಾಗಿ ನೋಡಲೂ ಇಲ್ಲ. ನೇರವಾಗಿ ಬೇರು ತೊಳೆದರು, ಚಾಕುವಿನಿಂದ ಸೀಳಿದರು, ಲೆನ್ಸ್ ಕೊಟ್ಟು ನೋಡೋಕೆ ಹೇಳಿದರು. ಬೇರಿನ ಸಿಪ್ಪೆ ಕೈಗೇ ಸುಲಿದು ಬರ್ತಿತ್ತು. ಒಳಗೆ ಇದ್ದಿಲ ಪುಡಿ ಉದುರಿಸಿದ ಹಾಗೆ ಕಪ್ಪು ಕಪ್ಪು ಚುಕ್ಕಿ. ಆಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ಬಿತ್ತೋ ಮುಂಚೆ ಬೀಜೋಪಚಾರ ಮಾಡಿದ್ರಾ?"

ಕಾಕಾ ಸುಮ್ಮನಾದ. ಬೀಜ ಮನೆಯದೇ, ಹಿಂದಿನ ವರ್ಷದ್ದು. ಚೀಲದಿಂದ ತೆಗೆದು ಸೀದಾ ಕೂರಿಗೆಗೆ ಹಾಕಿದ್ದು.

ಈ ಲೇಖನ ಆ ಒಂದು ಪ್ರಶ್ನೆಯ ಬಗ್ಗೆ. ರೋಗ ಕಣ್ಣಿಗೆ ಬಿದ್ದದ್ದು ಜುಲೈನಲ್ಲಿ, ಅದನ್ನ ತಡೆಯೋ ಟೈಮ್ ಜೂನ್‌ನಲ್ಲೇ ಮುಗಿದಿತ್ತು. ಯಾಕೆ ಅಂತ ಅರ್ಥ ಮಾಡಿಕೊಳ್ಳೋಕೆ ನೆಲದಡಿ ಏನು ನಡೀತಿದೆ ಅನ್ನೋದನ್ನ ನೋಡಬೇಕು.

ಮಣ್ಣಲ್ಲಿ ಕಾದು ಕೂತವನು

ನಮ್ಮ ಹೊಲದಲ್ಲಿ ಇದ್ದದ್ದು ಒಣ ಬೇರು ಕೊಳೆ ರೋಗ. ಇದನ್ನ ತರೋ ಶಿಲೀಂಧ್ರದ ಹೆಸರು ಮ್ಯಾಕ್ರೊಫೋಮಿನಾ ಫೇಸಿಯೊಲಿನಾ. ಹಳೆಯ ಪುಸ್ತಕಗಳಲ್ಲಿ ರೈಜೊಕ್ಟೋನಿಯಾ ಬಟಾಟಿಕೋಲಾ ಅಂತಲೂ ಇರುತ್ತೆ, ಎರಡೂ ಒಂದೇ.

ಆ ಕಪ್ಪು ಚುಕ್ಕಿಗಳಿವೆಯಲ್ಲ, ಅವುಗಳಿಗೆ ಮೈಕ್ರೊಸ್ಕ್ಲಿರೋಷಿಯಾ ಅಂತಾರೆ. ಶಿಲೀಂಧ್ರದ ಎಳೆಗಳು ಒಟ್ಟಾಗಿ ಗಟ್ಟಿಯಾಗಿ, ಕಪ್ಪು ಕವಚ ಹಾಕಿಕೊಂಡು ಆದ ಗುಳಿಗೆಗಳು. ಒಂದೊಂದೂ ಸುಮಾರು 0.1 ಮಿಲಿಮೀಟರ್, ಹೆಚ್ಚೂಕಡಿಮೆ ನಮ್ಮ ತಲೆಗೂದಲಿನ ದಪ್ಪ. ಸತ್ತ ಗಿಡ ಕೊಳೆತಾಗ ಇವು ಮಣ್ಣಿಗೆ ಸೇರುತ್ತವೆ. ಒಣ ಮಣ್ಣಲ್ಲಿ ತಿನ್ನೋಕೆ ಏನೂ ಇಲ್ಲದೆ ವರ್ಷಗಟ್ಟಲೆ ಹಾಗೇ ಇರ್ತವೆ. ಫೋನ್ ಸ್ವಿಚ್ ಆಫ್ ಮಾಡಿ ಇಟ್ಟ ಹಾಗೆ, ಬ್ಯಾಟರಿ ಖರ್ಚಾಗಲ್ಲ. ಬೀಜ ಮೊಳೆತು ಬೇರು ಹತ್ತಿರ ಬಂದಾಗ, ಬೇರಿನಿಂದ ಒಸರೋ ಸಕ್ಕರೆ ಮತ್ತೆ ಅಮೈನೋ ಆಮ್ಲಗಳ ಸುಳಿವು ಸಿಕ್ಕಿದ ಕೂಡಲೇ ಎಚ್ಚರ ಆಗ್ತವೆ. ಎಳೆ ಬಿಟ್ಟು ಬೇರಿನೊಳಗೆ ನುಗ್ಗುತ್ತವೆ. ಕೆಲವು ಸಲ ಇಷ್ಟು ದೂರದ ಪ್ರಯಾಣವೂ ಬೇಡ. ರೋಗ ಇದ್ದ ಹೊಲದ ಬೀಜದಲ್ಲೇ ಶಿಲೀಂಧ್ರ ಕೂತಿರುತ್ತೆ, ನಾವೇ ಕೂರಿಗೆಯಲ್ಲಿ ಹಾಕಿ ಬಿತ್ತುತ್ತೀವಿ.

ಒಳಗೆ ಹೋದ ಶಿಲೀಂಧ್ರ ಗಿಡದ ನೀರಿನ ಪೈಪಿಗೇ ಕೈ ಹಾಕುತ್ತೆ. ಬೇರಿನಿಂದ ಎಲೆಗೆ ನೀರು ಏರಿಸೋ ನಾಳಗಳಿಗೆ ಕ್ಸೈಲಂ ಅಂತಾರೆ, ಹೈಸ್ಕೂಲ್‌ನಲ್ಲಿ ಓದಿದ್ದು ನೆನಪಿರಬಹುದು. ಎಳೆಗಳೂ ಕಪ್ಪು ಗುಳಿಗೆಗಳೂ ಈ ನಾಳಗಳಲ್ಲಿ ತುಂಬಿಕೊಂಡು ಬ್ಲಾಕ್ ಮಾಡ್ತವೆ. ಮಣ್ಣಲ್ಲಿ ಹಸಿ ಇದ್ರೂ ಎಲೆಗೆ ನೀರು ಸಿಗಲ್ಲ. ಎಲೆ ಹಳದಿಯಾಗುತ್ತೆ, ಜೋಲುತ್ತೆ, ಒಂದು ವಾರದೊಳಗೆ ಗಿಡ ಸಾಯುತ್ತೆ. ಅಂದ್ರೆ ನಾವು ನೋಡಿದ ಹಳದಿ ಬಣ್ಣ ರೋಗದ ಶುರು ಅಲ್ಲ, ಕೊನೆ.

ಇದಕ್ಕೆ ಇಷ್ಟವಾದ ಹವಾಮಾನ ಯಾವುದು ಗೊತ್ತಾ? ಬಿಸಿ ಮತ್ತೆ ಒಣ. 28ರಿಂದ 35 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಮೇಲೆ ಮಳೆ ಇಲ್ಲ. ಗಿಡ ನೀರಿಲ್ಲದೆ ಸೊರಗಿದಾಗಲೇ ಇದು ಜೋರಾಗೋದು. ಹಾಗಾಗಿ ರೈತರು "ಮಳಿ ಹೋತು, ಅದಕ್ಕ ಒಣಗೇತಿ" ಅಂದುಕೊಳ್ಳೋದು ಸಹಜ. ಅರ್ಧ ನಿಜ ಕೂಡ. ಆದ್ರೆ ಬರೀ ನೀರಿನ ಕೊರತೆ ಆಗಿದ್ರೆ ಇಡೀ ಹೊಲ ಸುಮಾರು ಒಂದೇ ರೀತಿ ಬಾಡಬೇಕು. ಇಲ್ಲಿ ಒಂದು ಗಿಡ ಸತ್ತಿರುತ್ತೆ, ಪಕ್ಕದ್ದು ಹಸಿರಾಗಿರುತ್ತೆ. ಒಣಗಿದ್ದು ವೃತ್ತ ವೃತ್ತವಾಗಿ ತೇಪೆ ಹಾಕಿದ ಹಾಗೆ ಕಾಣುತ್ತೆ.

ಕಿತ್ತು ನೋಡಿದ್ರೆ ತಾನೇ ಗೊತ್ತಾಗೋದು

ಹೆಸರಿನ ಬೇರಿಗೆ ಬರೋ ಶಿಲೀಂಧ್ರ ಇದೊಂದೇ ಅಲ್ಲ. ಬೇರೆ ಬೇರೆ ಶಿಲೀಂಧ್ರಕ್ಕೆ ಬೇರೆ ಬೇರೆ ಗುರುತು. ಇದಕ್ಕೆ ಲ್ಯಾಬ್ ಬೇಕಾಗಿಲ್ಲ. ಒಂದು ಚಾಕು, ಒಂದು ಲೆನ್ಸ್ ಸಾಕು. ಲೆನ್ಸ್ ಇಲ್ಲ ಅಂದ್ರೆ ಫೋನಿನ ಕ್ಯಾಮೆರಾದಲ್ಲಿ ಜೂಮ್ ಮಾಡಿ ನೋಡಿ. ಗಿಡ ಕೀಳುವಾಗ ಎಳೀಬೇಡಿ, ಅಗೆದು ತೆಗೀಬೇಕು. ಎಳೆದ್ರೆ ಕೊಳೆತ ಬೇರೆಲ್ಲ ಮಣ್ಣಲ್ಲೇ ಉಳಿದು ಸಾಕ್ಷಿ ಹೋಗಿಬಿಡುತ್ತೆ.

ಒಣ ಬೇರು ಕೊಳೆ: ಪಕ್ಕದ ಸಣ್ಣ ಬೇರುಗಳು ಉದುರಿ ತಾಯಿ ಬೇರು ಒಂದೇ ಉಳಿದಿರುತ್ತೆ. ಮುರಿದ್ರೆ ಕಡ್ಡಿ ಹಾಗೆ ಪಟ್ಟಂತ ಮುರಿಯುತ್ತೆ. ಸಿಪ್ಪೆ ಸುಲಿದ್ರೆ ಕೆಳಗೆ ಇದ್ದಿಲ ಪುಡಿಯಂಥ ಚುಕ್ಕಿ. ಮಳೆ ಬಿಟ್ಟ ದಿನಗಳಲ್ಲಿ ಜಾಸ್ತಿ.

ರೈಜೊಕ್ಟೋನಿಯಾ ಸೊಲಾನಿ: ಸಸಿ ಇನ್ನೂ ಸಣ್ಣದಿದ್ದಾಗಲೇ ಬರುತ್ತೆ. ನೆಲಕ್ಕೆ ತಾಗೋ ಜಾಗದಲ್ಲಿ ಕೆಂಪು ಕಂದು ಬಣ್ಣದ, ಒಳಗೆ ಕುಸಿದ ಗಾಯ ಇರುತ್ತೆ. ಸಸಿ ಅಲ್ಲೇ ಬಗ್ಗಿ ಬೀಳುತ್ತೆ. ಮಣ್ಣು ಹಸಿಯಾಗಿದ್ರೆ ಜಾಸ್ತಿ.

ಸ್ಕ್ಲಿರೋಷಿಯಂ ರಾಲ್ಫ್‌ಸಿ: ಗಿಡದ ಬುಡದಲ್ಲಿ ಬಿಳಿ ಹತ್ತಿಯಂಥ ಎಳೆ, ಅದರ ಮೇಲೆ ಸಾಸಿವೆ ಕಾಳಿನ ಗಾತ್ರದ ಕಂದು ಗುಂಡುಗಳು. ಇದನ್ನ ಬುಡ ಕೊಳೆ ರೋಗ ಅಂತಾರೆ. ಶೇಂಗಾ ಬೆಳೆಯೋ ಮನೆಯವರಿಗೆ ಇದು ಚೆನ್ನಾಗೇ ಪರಿಚಯ, ಅದೂ ಇದೇ ಶಿಲೀಂಧ್ರ.

ಫ್ಯುಸೇರಿಯಂ: ಬೇರಿನ ಸಿಪ್ಪೆ ಹೊರಗಿಂದ ಅಷ್ಟೇನೂ ಕೆಟ್ಟಿರಲ್ಲ. ಕಾಂಡವನ್ನ ಉದ್ದಕ್ಕೆ ಸೀಳಿದ್ರೆ ನಾಳಗಳ ಜಾಗದಲ್ಲಿ ಕಂದು ಗೆರೆ ಕಾಣುತ್ತೆ. ಇದು ಸೊರಗು ರೋಗ.

ಇನ್ನು ಹಳದಿ ನಂಜು ಆಗಿದ್ರೆ? ಅದರಲ್ಲಿ ಎಲೆ ಮೇಲೆ ಹಳದಿ ಹಸಿರು ಮಚ್ಚೆಗಳು ಕಲಸಿ ಹೋದ ಹಾಗೆ ಇರ್ತವೆ, ಗಿಡ ನೆಟ್ಟಗೇ ನಿಂತಿರುತ್ತೆ, ಬೇರು ಆರೋಗ್ಯವಾಗಿರುತ್ತೆ. ಕಾಕಾ ಮೊದಲ ದಿನವೇ ಒಂದು ಗಿಡ ಅಗೆದು ನೋಡಿದ್ದಿದ್ರೆ ಎರಡು ಸಲದ ಎಣ್ಣಿ ಖರ್ಚು, ಎರಡು ದಿನದ ಕೂಲಿ ಉಳೀತಿತ್ತು.

ಎಲೆಗೆ ಹೊಡೆದದ್ದು ಬೇರಿಗೆ ಯಾಕೆ ಹೋಗಲ್ಲ

ಮೇಡಂ ಹತ್ತಿರ ನಾನು ಕೇಳಿದ್ದು ಇದು: ಸರಿ, ಬಿಳಿ ನೊಣದ ಎಣ್ಣಿ ತಪ್ಪಾಯ್ತು. ಶಿಲೀಂಧ್ರನಾಶಕವನ್ನೇ ಹೊಡೆದಿದ್ರೆ ಸರಿಹೋಗ್ತಿತ್ತಾ?

ಇಲ್ಲ. ಕಾರ್ಬೆಂಡಜಿಂ ಅನ್ನೋ ಶಿಲೀಂಧ್ರನಾಶಕ ತಗೊಳ್ಳಿ. ಅದು ಶಿಲೀಂಧ್ರದ ಜೀವಕೋಶದೊಳಗಿನ ಮೈಕ್ರೊಟ್ಯೂಬ್ಯೂಲ್‌ಗಳು ಕಟ್ಟಿಕೊಳ್ಳದ ಹಾಗೆ ತಡೆಯುತ್ತೆ, ಕೋಶ ವಿಭಜನೆ ನಿಂತು ಹೋಗುತ್ತೆ. ಔಷಧಿ ಒಳ್ಳೇದೇ. ಆದ್ರೆ ಗಿಡದೊಳಗೆ ಅದು ನೀರಿನ ಜೊತೆ ಕ್ಸೈಲಂನಲ್ಲಿ ಚಲಿಸುತ್ತೆ. ಕ್ಸೈಲಂನಲ್ಲಿ ಹರಿವು ಕೆಳಗಿಂದ ಮೇಲಕ್ಕೆ ಮಾತ್ರ, ಒನ್ ವೇ. ಎಲೆ ಮೇಲೆ ಬಿದ್ದ ಔಷಧಿ ಎಲೆಯ ತುದಿ ಕಡೆಗೆ ಹೋಗುತ್ತೇ ಹೊರತು ಇಳಿದು ಬೇರಿಗೆ ಬರಲ್ಲ. ರೋಗ ಇರೋದು ಗ್ರೌಂಡ್ ಫ್ಲೋರ್‌ನಲ್ಲಿ, ನಾವು ಔಷಧಿ ಕೊಡ್ತಿರೋದು ಟೆರೇಸ್ ಮೇಲೆ. ಬುಡಕ್ಕೆ ಸುರಿಯಬಹುದು: ಒಂದು ಲೀಟರ್ ನೀರಿಗೆ 1 ಗ್ರಾಂ ಕಲಸಿ, ರೋಗ ಬಂದ ತೇಪೆಯ ಸುತ್ತ ಇನ್ನೂ ಹಸಿರಾಗಿರೋ ಗಿಡಗಳ ಬುಡ ತೋಯಿಸಿದ್ರೆ ಹರಡೋದು ನಿಧಾನ ಆಗುತ್ತೆ. ಆಗಲೇ ಬಾಡಿದ ಗಿಡದ ನಾಳ ಮಾತ್ರ ಮತ್ತೆ ತೆರೆಯಲ್ಲ.

ಇದನ್ನ ನಾನು ಕಾಕಾಗೆ ನನ್ನ ಹರುಕು ಮುರುಕು ಕನ್ನಡದಲ್ಲಿ ಹೇಳಿ ಮುಗಿಸೋ ಮುಂಚೆ ಅವನೇ ಹೇಳಿದ: "ಅಂದ್ರ ಮ್ಯಾಲೆ ಹೊಡದ್ರ ಬೇರಿಗೆ ಮುಟ್ಟಂಗಿಲ್ಲ. ಬೀಜದಾಗs ಇರಬೇಕಿತ್ತು." ನಾನು ಐದು ನಿಮಿಷ ತಗೊಂಡಿದ್ದನ್ನ ಅವನು ಎರಡು ವಾಕ್ಯದಲ್ಲಿ ಮುಗಿಸಿದ.

ಆರು ಕೆಜಿ ಬೀಜ, 24 ಗ್ರಾಂ ಪುಡಿ

ನಮ್ಮ ಕಡೆ ಎಕರೆಗೆ ಐದಾರು ಕೆಜಿ ಹೆಸರು ಬೀಜ ಹೋಗುತ್ತೆ. ಬೀಜೋಪಚಾರಕ್ಕೆ ಎರಡು ದಾರಿ ಇವೆ.

ಒಂದು, ರಾಸಾಯನಿಕ: ಕೆಜಿ ಬೀಜಕ್ಕೆ 2 ಗ್ರಾಂ ಕಾರ್ಬೆಂಡಜಿಂ. ಬೀಜದ ಮೇಲೆ ಅಂಟಿದ ಔಷಧಿ ಮೊಳಕೆ ಬಂದಾಗ ಬೇರಿನ ಸುತ್ತಲೇ ಇರುತ್ತೆ. ಮೊದಲ ಕೆಲವು ವಾರದ ಕಾವಲು ಸಿಗುತ್ತೆ, ಆಮೇಲೆ ಅದರ ಶಕ್ತಿ ಕುಂದುತ್ತೆ.

ಎರಡು, ಜೈವಿಕ: ಕೆಜಿ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಪುಡಿ. ಟ್ರೈಕೋಡರ್ಮಾ ಕೂಡ ಶಿಲೀಂಧ್ರವೇ, ಆದ್ರೆ ಬೇರೆ ಶಿಲೀಂಧ್ರಗಳನ್ನ ತಿಂದು ಬದುಕೋದು. ಶತ್ರುವಿನ ಎಳೆಗೆ ಸುತ್ತಿಕೊಂಡು, ಅದರ ಕೋಶದ ಗೋಡೆಯಲ್ಲಿರೋ ಕೈಟಿನ್ ಅನ್ನೋ ವಸ್ತುವನ್ನ ಕರಗಿಸೋ ಕಿಣ್ವ ಬಿಡುತ್ತೆ. ಅದೂ ಅಲ್ಲದೆ ಬೇಗ ಬೆಳೆದು ಬೇರಿನ ಸುತ್ತ ಜಾಗ ಹಿಡಿಯುತ್ತೆ. ಬಸ್ಸಲ್ಲಿ ಟವೆಲ್ ಹಾಕಿ ಸೀಟ್ ಹಿಡಿಯೋ ಹಾಗೆ, ಆಮೇಲೆ ಬಂದವನಿಗೆ ಜಾಗ ಇಲ್ಲ. ಬೇರು ಬೆಳೆದಂತೆ ಇದೂ ಜೊತೆಗೆ ಬೆಳೆಯಬಲ್ಲದು, ಅದು ಇದರ ದೊಡ್ಡ ಲಾಭ.

ಆರು ಕೆಜಿಗೆ 4 ಗ್ರಾಂ ಲೆಕ್ಕದಲ್ಲಿ 24 ಗ್ರಾಂ. ಒಂದು ಎಕರೆಗೆ ಬೇಕಾದದ್ದು ಇಷ್ಟೇ.

ಮಾಡೋ ರೀತಿ ಸುಲಭ. ಬೀಜವನ್ನ ಅಗಲವಾದ ಬುಟ್ಟಿಗೋ ತಾಡಪತ್ರಿ ಮೇಲೋ ಹಾಕಿ. ತಣ್ಣಗಾದ ಬೆಲ್ಲದ ನೀರು ಸ್ವಲ್ಪ ಚಿಮುಕಿಸಿ, ಅಂಟು ಬರೋಷ್ಟು ಮಾತ್ರ. ಪುಡಿ ಉದುರಿಸಿ ಮೆಲ್ಲಗೆ ಹೊರಳಾಡಿಸಿ. ಜೋರಾಗಿ ತಿಕ್ಕಿದ್ರೆ ಹೆಸರಿನ ತೆಳು ಸಿಪ್ಪೆ ಬಿಟ್ಟು ಬೇಳೆ ಆಗಿಬಿಡುತ್ತೆ. ಅರ್ಧ ಗಂಟೆ ನೆರಳಲ್ಲಿ ಆರಿಸಿ ಅವತ್ತೇ ಬಿತ್ತಬೇಕು.

ತಪ್ಪು ಆಗೋ ಜಾಗಗಳು ಕೆಲವಿವೆ. ಟ್ರೈಕೋಡರ್ಮಾ ಮತ್ತೆ ಕಾರ್ಬೆಂಡಜಿಂ ಎರಡನ್ನೂ ಒಟ್ಟಿಗೆ ಹಾಕಬಾರದು. "ಎರಡೂ ಹಾಕಿದ್ರೆ ಡಬಲ್ ಸೇಫ್" ಅನ್ಸುತ್ತೆ, ಆದ್ರೆ ಕಾರ್ಬೆಂಡಜಿಂಗೆ ನಮ್ಮ ಶಿಲೀಂಧ್ರ, ಶತ್ರು ಶಿಲೀಂಧ್ರ ಅನ್ನೋ ಭೇದ ಇಲ್ಲ. ಎರಡನೇದು, ಕ್ರಮ: ಶಿಲೀಂಧ್ರನಾಶಕ ಮೊದಲು, ಕೀಟನಾಶಕ ಹಾಕೋದಿದ್ರೆ ಆಮೇಲೆ, ಸಾರಜನಕ ಹಿಡಿಯೋ ರೈಜೋಬಿಯಂ ಕೊನೆಗೆ. ರೈಜೋಬಿಯಂ ಜೀವಂತ ಬ್ಯಾಕ್ಟೀರಿಯಾ, ಅದು ಬೀಜದ ಹೊರಪದರದಲ್ಲಿ ಇದ್ರೇನೇ ಒಳ್ಳೇದು. ಮೂರನೇದು, ಟ್ರೈಕೋಡರ್ಮಾ ಕೂಡ ಜೀವಂತ. ಪ್ಯಾಕೆಟ್ ಮೇಲಿನ ತಾರೀಖು ನೋಡಿ ತಗೋಬೇಕು, ಬಿಸಿಲಲ್ಲಿ ಇಡಬಾರದು. ಅವಧಿ ಮುಗಿದ ಪ್ಯಾಕೆಟ್ ಅಂದ್ರೆ ಬರೀ ಟಾಲ್ಕಂ ಪೌಡರ್. ರಾಸಾಯನಿಕ ಬಳಸಿದ್ರೆ ಕೈಗೆ ಗ್ಲೌಸ್ ಇರಲಿ. ಉಳಿದ ಬೀಜ ಅಡುಗೆಮನೆಗಾಗಲಿ ಕೋಳಿಗಾಗಲಿ ಹೋಗಬಾರದು.

ಬೆಳೆ ಬದಲಾಯಿಸಿದ್ರೆ ಸಾಕಾ?

ಬೇರಿನ ರೋಗ ಅಂದ ಕೂಡಲೇ ಎಲ್ಲರೂ ಕೊಡೋ ಸಲಹೆ ಬೆಳೆ ಪರಿವರ್ತನೆ. ನಮ್ಮ ಹೊಲದಲ್ಲಿ ಅದು ಆಗಲೇ ಇತ್ತಲ್ಲ, ಮುಂಗಾರಿಗೆ ಹೆಸರು, ಹಿಂಗಾರಿಗೆ ಜೋಳ ಇಲ್ಲಾ ಕಡಲೆ? ನನಗೆ ನಿಜವಾಗಿ ಶಾಕ್ ಕೊಟ್ಟ ವಿಷಯ ಇದು: ಕಡಲೆಯ ಒಣ ಬೇರು ಕೊಳೆಗೂ ಇದೇ ಮ್ಯಾಕ್ರೊಫೋಮಿನಾ ಕಾರಣ. ಹಿಂಗಾರಿ ಜೋಳ ತೆನೆ ಹಾಲು ತುಂಬೋ ಹೊತ್ತಿಗೆ ಕಾಂಡದ ಬುಡ ಒಣಗಿ ನೆಲಕ್ಕೆ ಒರಗುತ್ತಲ್ಲ, ಆ ಇದ್ದಿಲು ಕೊಳೆ ರೋಗಕ್ಕೂ ಇದೇ. 500ಕ್ಕೂ ಹೆಚ್ಚು ಜಾತಿಯ ಸಸ್ಯಗಳಲ್ಲಿ ಇದು ಬದುಕಬಲ್ಲದು. ಸೋಯಾ, ಹತ್ತಿ, ಸೂರ್ಯಕಾಂತಿ, ಶೇಂಗಾ, ಗೋವಿನಜೋಳ ಎಲ್ಲಾ ಆ ಲಿಸ್ಟಲ್ಲಿವೆ. ನಾವು ಬೆಳೆ ಬದಲಾಯಿಸಿದ್ವಿ ಅಂದುಕೊಂಡ್ವಿ, ಶಿಲೀಂಧ್ರದ ಲೆಕ್ಕದಲ್ಲಿ ಮೆಸ್ ಅದೇ, ಮೆನು ಬೇರೆ.

ಹಾಗಂತ ಪರಿವರ್ತನೆ ವೇಸ್ಟ್ ಅಲ್ಲ. ಫ್ಯುಸೇರಿಯಂ ಸೊರಗು ರೋಗದಂಥವಕ್ಕೆ ಬೆಳೆ ಬದಲಾವಣೆ ಚೆನ್ನಾಗಿ ಕೆಲಸ ಮಾಡುತ್ತೆ, ಅವು ಅಷ್ಟು ಬೆಳೆಗಳಿಗೆ ಹೋಗಲ್ಲ. ಅದಕ್ಕೇ ಯಾವ ಶಿಲೀಂಧ್ರ ಅಂತ ಗುರುತಿಸೋದು ಮುಖ್ಯ. ಒಣ ಬೇರು ಕೊಳೆಗೆ ಮಾತ್ರ ಬೆಳೆ ಜೊತೆಗೆ ಮಣ್ಣನ್ನೂ ಬದಲಾಯಿಸಬೇಕು.

ಮಣ್ಣು ಬದಲಾಯಿಸೋದು ಅಂದ್ರೆ ಸಾವಯವ ಅಂಶ ಹೆಚ್ಚಿಸೋದು. ತಿಪ್ಪೆ ಗೊಬ್ಬರ, ಬೇವಿನ ಹಿಂಡಿ ಹಾಕಿದ ಮಣ್ಣಲ್ಲಿ ಬೇರೆ ಸೂಕ್ಷ್ಮಜೀವಿಗಳು ಜಾಸ್ತಿಯಾಗಿ ಆ ಕಪ್ಪು ಗುಳಿಗೆಗಳನ್ನ ತಿಂದು ಹಾಕ್ತವೆ. ಜೊತೆಗೆ ಮಣ್ಣು ತೇವ ಹಿಡಿದಿಡುತ್ತೆ, ಮಳೆ ಹದಿನೈದು ದಿನ ತಡವಾದ್ರೂ ಗಿಡ ಅಷ್ಟು ಬೇಗ ಸೊರಗಲ್ಲ. ಟ್ರೈಕೋಡರ್ಮಾವನ್ನ ಗೊಬ್ಬರದಲ್ಲೇ ಬೆಳೆಸಬಹುದು: 1 ಕೆಜಿ ಪುಡಿಯನ್ನ ಸುಮಾರು 100 ಕೆಜಿ ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರಕ್ಕೆ ಬೆರೆಸಿ, ನೀರು ಚಿಮುಕಿಸಿ, ನೆರಳಲ್ಲಿ ಗೋಣಿಚೀಲ ಮುಚ್ಚಿ 10ರಿಂದ 15 ದಿನ ಇಟ್ಟು, ಒಂದು ಎಕರೆಗೆ ಹರಡೋದು. ಎಡೆ ಕುಂಟೆ ಹೊಡೆಯೋದೂ ಇದೇ ಲೆಕ್ಕಕ್ಕೆ ಬರುತ್ತೆ. ಮೇಲಿನ ಬಿರುಕು ಮುಚ್ಚಿ ಪುಡಿ ಮಣ್ಣಿನ ಪದರ ಆದ್ರೆ ತೇವ ಆರೋದು ಕಡಿಮೆ, ಕಳೆಗಳು ಹೋದ್ರೆ ನೀರಿಗೆ ಪೈಪೋಟಿ ಕಡಿಮೆ.

ಬೇಸಿಗೆ ಬಿಸಿಲಿಗೆ ಇವು ಸಾಯಲ್ವಾ ಅಂತ ಕೇಳಬಹುದು. ಒಣಗಿದ ಗುಳಿಗೆ ಬಿಸಿಯನ್ನ ಚೆನ್ನಾಗಿ ತಡೆದುಕೊಳ್ಳುತ್ತೆ, ಒದ್ದೆಯಾದ ಗುಳಿಗೆ ತಡೆಯಲ್ಲ. ಜೋಧಪುರದಲ್ಲಿರೋ ಒಣ ವಲಯ ಸಂಶೋಧನಾ ಸಂಸ್ಥೆ, ಕಾಜ್ರಿ, ಇದನ್ನೇ ಉಪಾಯವಾಗಿ ಬಳಸಿ ಪ್ರಯೋಗ ಮಾಡಿದೆ. ಸಾಸಿವೆ ಜಾತಿಯ ಬೆಳೆಯ ಉಳಿಕೆಯನ್ನ ಮಣ್ಣಿಗೆ ಸೇರಿಸಿ, ಬೇಸಿಗೆಯಲ್ಲಿ ಒಂದು ಸಲ ನೀರು ಹಾಯಿಸಿ ಬಿಸಿಲಿಗೆ ಬಿಟ್ರೆ ಮ್ಯಾಕ್ರೊಫೋಮಿನಾ ಚೆನ್ನಾಗಿ ಕಡಿಮೆಯಾಯ್ತು. ಸಾಸಿವೆ ಅರೆದಾಗ ಮೂಗಿಗೆ ಹೊಡೆಯೋ ಆ ಘಾಟು ಇದೆಯಲ್ಲ, ಅದೇ ಜಾತಿಯ ರಾಸಾಯನಿಕ ಮಣ್ಣಲ್ಲಿ ಶಿಲೀಂಧ್ರಕ್ಕೆ ವಿಷ. ನಮ್ಮ ಹೊಲಕ್ಕೆ ಬೇಸಿಗೆಯಲ್ಲಿ ನೀರಿಲ್ಲ, ಆದ್ರೆ ಬೋರ್‌ವೆಲ್ ಇರೋರು ಯೋಚಿಸಬಹುದು.

ಲೆಕ್ಕ

ಸಾಲಿಂದ ಸಾಲಿಗೆ 30 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 10 ಸೆಂಟಿಮೀಟರ್ ಅಂದ್ರೆ ಎಕರೆಗೆ ಸುಮಾರು 1.3 ಲಕ್ಷ ಗಿಡ. ಕಾಕಾನ ಎರಡು ಎಕರೆಯಲ್ಲಿ ಎಕರೆಗೆ ಮೂರು ಕ್ವಿಂಟಲ್ ಬರಬೇಕಿತ್ತು, ಬಂದದ್ದು ಒಂದೂವರೆ. ಒಟ್ಟು ಮೂರು ಕ್ವಿಂಟಲ್ ಹೋಯ್ತು. 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 8,768 ರೂಪಾಯಿ, ಆ ಲೆಕ್ಕದಲ್ಲಿ 26,304 ರೂಪಾಯಿ. ಆ ವರ್ಷ ತಂಗಿಯ ಫೀ ಕಟ್ಟೋಕೆ ಕಾಕಾ ಕೈಸಾಲ ಮಾಡಿದ. ಎರಡು ಎಕರೆಗೆ ಬೇಕಾಗಿದ್ದ ಟ್ರೈಕೋಡರ್ಮಾ 48 ಗ್ರಾಂ.

ಈ ವರ್ಷ ಜೂನ್‌ನಲ್ಲಿ ನಾನು ಊರಲ್ಲೇ ಇದ್ದೆ. ಬೀಜೋಪಚಾರ ಮಾಡಿದ್ವಿ, ಗೊಬ್ಬರದಲ್ಲೂ ಟ್ರೈಕೋಡರ್ಮಾ ಬೆಳೆಸಿ ಹಾಕಿದ್ವಿ. ಒಂದು ಮೂಲೆಯಲ್ಲಿ ನಾಲ್ಕು ಸಾಲು ಮಾತ್ರ ಬರೀ ಬೀಜ ಬಿತ್ತಿಸಿದೆ, ಹೋಲಿಸಿ ನೋಡೋಕೆ. ಕಾಕಾಗೆ ಅದು ಇಷ್ಟ ಆಗಲಿಲ್ಲ, "ನಾಕು ಸಾಲು ಯಾಕ ಕೆಡಸ್ತಿ" ಅಂದ. ಜುಲೈ ಕೊನೆಗೆ ಆ ನಾಲ್ಕು ಸಾಲಿನಲ್ಲಿ ಗಿಡ ಸತ್ತು ಬಿದ್ದ ಗ್ಯಾಪ್ ಕಣ್ಣಿಗೇ ಕಾಣೋಷ್ಟಿತ್ತು. ಉಳಿದ ಹೊಲದಲ್ಲೂ ಅಲ್ಲಲ್ಲಿ ಸತ್ತಿದ್ವು, ಪೂರ್ತಿ ಹೋಗಿರಲಿಲ್ಲ. ಈ ಸಲ ಮಳೆಯೂ ಚೆನ್ನಾಗಿತ್ತು. ಒಂದು ಹೊಲ, ಒಂದು ವರ್ಷ ನೋಡಿ ಗೆದ್ವಿ ಅನ್ನೋಕಾಗಲ್ಲ. ಮಣ್ಣಲ್ಲಿ ಹಳೇ ಗುಳಿಗೆಗಳು ಇನ್ನೂ ಇವೆ, ಮುಂದಿನ ವರ್ಷವೂ ಮಾಡಬೇಕು, ಅದರ ಮುಂದಿನ ವರ್ಷವೂ.

ನಮ್ಮಲ್ಲಿ ತುಂಬಾ ಜನರ ಮನೆಯಲ್ಲಿ ಹೊಲ ಇದೆ, ಆದ್ರೆ ನಾವು ಅಲ್ಲಿ ಫೋಟೋ ತೆಗೆಯೋಕೆ ಮಾತ್ರ ಹೋಗ್ತೀವಿ. ಮುಂದಿನ ಸಲ ಹೋದಾಗ ಬಾಡಿದ ಒಂದು ಗಿಡ ಅಗೆದು, ಬೇರು ತೊಳೆದು, ಸೀಳಿ ನೋಡಿ. ಕಪ್ಪು ಚುಕ್ಕಿ ಕಂಡ್ರೆ ಮನೆಯಲ್ಲಿ ಹೇಳಿ. ಆಮೇಲೆ ಮೇ ತಿಂಗಳ ಕೊನೆಗೆ, ಬಿತ್ತೋ ಮುಂಚೆ, ಮನೆಗೆ ಒಂದು ಫೋನ್ ಮಾಡಿ ಆ ಮೇಡಂ ಕೇಳಿದ ಪ್ರಶ್ನೆಯನ್ನೇ ಕೇಳಿ: ಬೀಜೋಪಚಾರ ಆಯ್ತಾ?